ಕರಾವಳಿಯ ಸೆಕೆ: ತೇವ ಮತ್ತು ಗಾಳಿಯ ಲೆಕ್ಕ

ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಕರ್ನಾಟಕದ ಕರಾವಳಿಯಲ್ಲಿ ಹಗಲಿನ ಗರಿಷ್ಠ ತಾಪಮಾನ ಹೆಚ್ಚಿನ ದಿನ 33ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತಿರುತ್ತದೆ. ಅದೇ ದಿನಗಳಲ್ಲಿ ಕಲಬುರಗಿ, ರಾಯಚೂರು ಕಡೆ ಪಾದರಸ 41ನ್ನು ದಾಟಿರುತ್ತದೆ. ಅಂಕಿಯನ್ನಷ್ಟೇ ನೋಡಿದರೆ ಕರಾವಳಿಯವರು ಸುಖವಾಗಿದ್ದಾರೆ ಅನ್ನಿಸಬೇಕು. ಆದರೆ ಮಂಗಳೂರಿನಲ್ಲಾಗಲಿ ಕುಂದಾಪುರದಲ್ಲಾಗಲಿ ಬೆಳಗ್ಗೆ ಸ್ನಾನ ಮುಗಿಸಿ ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಬೆನ್ನು ಒದ್ದೆಯಾಗಿರುತ್ತದೆ. ಫ್ಯಾನ್ ಕೆಳಗೆ ಕೂತರೂ ಕುತ್ತಿಗೆಯ ಬೆವರು ಆರುವುದಿಲ್ಲ. ಇದೇ ಕರಾವಳಿಯ ಸೆಕೆ. ತಾಪಮಾನದ ಅಂಕಿಯೊಂದರಿಂದಲೇ ಅದನ್ನು ಅಳೆಯಲು ಆಗದು.

ಈ ಭಾಗದಲ್ಲಿ ಹವೆಯನ್ನು ಹವ್ಯಾಸವಾಗಿ ಗಮನಿಸುವವರು ಕಡಿಮೆಯೇನಿಲ್ಲ. ಅಡಿಕೆ ತೋಟದ ಅಂಚಿನಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಗ್ಗೆ ಎಂಟೂವರೆಗೆ ಅಳತೆ ತೆಗೆದು, ದಶಕಗಳಿಂದ ಪುಸ್ತಕದಲ್ಲಿ ಬರೆದಿಡುತ್ತ ಬಂದ ಕೃಷಿಕರು ದಕ್ಷಿಣ ಕನ್ನಡದಲ್ಲಿದ್ದಾರೆ. ಈಚೆಗೆ ತಾರಸಿಯ ಮೇಲೆ ಸಣ್ಣ ಸ್ವಯಂಚಾಲಿತ ಹವಾಮಾನ ಯಂತ್ರ ಕೂರಿಸಿಕೊಂಡವರೂ ಸೇರಿದ್ದಾರೆ. ಮಳೆಗಾಲದಲ್ಲಿ ಇವರ ಮಾತೆಲ್ಲ ಮಿಲಿಮೀಟರ್‌ಗಳದ್ದು. ಬೇಸಿಗೆಯಲ್ಲಿ ಅದು ಬೇರೆ ಕಡೆ ತಿರುಗುತ್ತದೆ: ಇಂದು ಇಬ್ಬನಿ ಬಿಂದು ಎಷ್ಟಿತ್ತು, ಪಡುವಣ ಗಾಳಿ ಎಷ್ಟು ಹೊತ್ತಿಗೆ ಎದ್ದಿತು, ಸಂಜೆ ಎಷ್ಟು ಹೊತ್ತಿಗೆ ಬಿದ್ದಿತು. ಸೆಕೆಯನ್ನು ಅರ್ಥ ಮಾಡಿಕೊಳ್ಳಲು ಕೇಳಬೇಕಾದ ಪ್ರಶ್ನೆಗಳೂ ಇವೇ.

ದಿನಪತ್ರಿಕೆಗಳಲ್ಲಿ ಬರುವ ‘ಆರ್ದ್ರತೆ ಶೇ 87’ ಎಂಬ ಮಾತು ಓದುಗರನ್ನು ದಾರಿ ತಪ್ಪಿಸುವುದೇ ಹೆಚ್ಚು. ಅದು ಸಾಪೇಕ್ಷ ಆರ್ದ್ರತೆ. ಅಂದರೆ, ಆ ತಾಪಮಾನದಲ್ಲಿ ಗಾಳಿಯಲ್ಲಿ ಇರಬಹುದಾದ ಗರಿಷ್ಠ ನೀರಾವಿಯಲ್ಲಿ ಶೇಕಡಾ ಎಷ್ಟು ಭಾಗ ಈಗ ಇದೆ ಎಂಬ ಲೆಕ್ಕ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಆ ಗರಿಷ್ಠ ಮಿತಿ ಸುಮಾರು ಶೇ 6–7ರಷ್ಟು ಏರುತ್ತದೆ. ಬೆಳಗ್ಗೆ 28 ಡಿಗ್ರಿಯಿದ್ದಾಗ ಶೇ 87 ಇದ್ದ ಆರ್ದ್ರತೆ, ಮಧ್ಯಾಹ್ನ 33 ಡಿಗ್ರಿಗೆ ಬಂದಾಗ ಶೇ 65ಕ್ಕೆ ಇಳಿದಿರುತ್ತದೆ. ಓದಿದವರಿಗೆ ಗಾಳಿ ಒಣಗಿತು ಅನ್ನಿಸುತ್ತದೆ. ವಾಸ್ತವದಲ್ಲಿ ಎರಡೂ ಹೊತ್ತಿನಲ್ಲಿ ಪ್ರತಿ ಘನ ಮೀಟರ್ ಗಾಳಿಯಲ್ಲಿರುವ ನೀರಾವಿ ಸುಮಾರು 23 ಗ್ರಾಂ, ಒಂದು ಹನಿಯೂ ಕಡಿಮೆಯಾಗಿಲ್ಲ. ಹೀಗಾಗಿಯೇ ಬಲ್ಲವರು ಇಬ್ಬನಿ ಬಿಂದುವನ್ನು ನೆಚ್ಚುತ್ತಾರೆ. ಗಾಳಿಯನ್ನು ಎಷ್ಟು ತಣಿಸಿದರೆ ಅದರಲ್ಲಿನ ಆವಿ ಹನಿಗಟ್ಟಲು ಶುರುವಾಗುತ್ತದೋ ಆ ತಾಪಮಾನವೇ ಇಬ್ಬನಿ ಬಿಂದು. ಮೇಲಿನ ಉದಾಹರಣೆಯಲ್ಲಿ ಅದು ಬೆಳಗ್ಗೆಯೂ ಮಧ್ಯಾಹ್ನವೂ 25.5 ಡಿಗ್ರಿಯ ಸುತ್ತಲೇ ಇರುತ್ತದೆ. ಇಬ್ಬನಿ ಬಿಂದು 20ರ ಕೆಳಗಿದ್ದರೆ ಹಿತ, 24 ದಾಟಿದರೆ ಮೈ ಅಂಟು ಅಂಟು. ಮೇ ತಿಂಗಳ ಕರಾವಳಿಯಲ್ಲಿ 25–26 ಎಂಬುದು ತೀರಾ ಸಾಮಾನ್ಯ. ಕಲಬುರಗಿಯಲ್ಲಿ 41 ಡಿಗ್ರಿ ಬಿಸಿಲಿದ್ದು ಆರ್ದ್ರತೆ ಶೇ 20 ಇದ್ದ ದಿನ ಇಬ್ಬನಿ ಬಿಂದು 14ರ ಹತ್ತಿರ, ಘನ ಮೀಟರಿಗೆ ನೀರಾವಿ ಹನ್ನೊಂದು ಗ್ರಾಂ ಮಾತ್ರ.

ಇಷ್ಟು ಆವಿ ಬರುವುದು ಅರಬ್ಬಿ ಸಮುದ್ರದಿಂದ. ಮಳೆಗಾಲದಲ್ಲಿ ಮೋಡ ಮತ್ತು ಬಿರುಗಾಳಿಯಿಂದ ತಣ್ಣಗಾಗುವ ಈ ಕಡಲು, ಬೇಸಿಗೆಯ ಕೊನೆಗೆ ವರ್ಷದಲ್ಲೇ ಅತಿ ಹೆಚ್ಚು ಬಿಸಿಯಾಗಿರುತ್ತದೆ. ಏಪ್ರಿಲ್–ಮೇ ಹೊತ್ತಿಗೆ ಅದರ ಮೇಲ್ಮೈ ನೀರು 30 ಡಿಗ್ರಿ ಮುಟ್ಟುತ್ತದೆ. ಲಕ್ಷದ್ವೀಪ ಮತ್ತು ಕೇರಳದ ನಡುವಿನ ಆಗ್ನೇಯ ಭಾಗ ಇನ್ನೂ ಬಿಸಿ. ಅಷ್ಟು ಬೆಚ್ಚಗಿನ ನೀರಿನ ಮೇಲೆ ಹಾದು ಬರುವ ಗಾಳಿ ತೇವ ಹೊತ್ತೇ ಬರಬೇಕು.

ಅದನ್ನು ದಡಕ್ಕೆ ತರುವುದು ಕಡಲಗಾಳಿ. ಸೂರ್ಯ ಏರುತ್ತಿದ್ದಂತೆ ಮುರಕಲ್ಲಿನ ಪದವುಗಳು, ಡಾಂಬರು ರಸ್ತೆ, ಕಾಂಕ್ರೀಟ್ ತಾರಸಿಗಳು ಬೇಗ ಕಾಯುತ್ತವೆ, ಕಡಲ ನೀರು ಮಾತ್ರ ಹಗಲಿಡೀ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರುತ್ತದೆ. ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಿ ಅಲ್ಲಿ ಒತ್ತಡ ತಗ್ಗುತ್ತದೆ, ಆ ಜಾಗ ತುಂಬಲು ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಬೆಳಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ತೆಂಗಿನ ಗರಿಗಳು ಅಲುಗತೊಡಗಿದರೆ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಅದರ ಜೋರು. ಭೂಮಿಯ ತಿರುಗುವಿಕೆಯಿಂದಾಗಿ ಹೊತ್ತೇರಿದಂತೆ ಗಾಳಿಯ ದಿಕ್ಕು ಬಲಕ್ಕೆ ವಾಲಿ, ನೇರ ಪಡುವಣದಿಂದ ವಾಯವ್ಯದ ಕಡೆಗೆ ಸರಿಯುತ್ತದೆ. ಮೇ ತಿಂಗಳಲ್ಲಿ ವಾಯವ್ಯ ಭಾರತದ ಕಾದ ನೆಲದ ಮೇಲೆ ಒತ್ತಡ ಕುಸಿಯುವುದರಿಂದ ಪಶ್ಚಿಮ ಕರಾವಳಿಯುದ್ದಕ್ಕೂ ಬೀಸುವ ವಾಯವ್ಯ ಗಾಳಿಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಹಾಗಾಗಿ ಸೆಕೆ ಮತ್ತು ಗಾಳಿ ಎರಡೂ ಒಟ್ಟಿಗೇ ಜೋರಾಗಿರುವ ದಿನಗಳು ಬರುತ್ತವೆ. ಹೊರಗಿನಿಂದ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಇಷ್ಟು ಗಾಳಿ ಬೀಸುತ್ತಿದ್ದರೂ ಬೆವರು ಯಾಕೆ?

ಉತ್ತರ ಚರ್ಮದ ಮೇಲಿದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ದೇಹದಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಬೆವರು ಹರಿದು ನೆಲಕ್ಕೆ ಬಿದ್ದರೆ ಈ ಲಾಭವಿಲ್ಲ, ಅದು ಆರಬೇಕು. ಆರುವ ವೇಗ ನಿರ್ಧಾರವಾಗುವುದು ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಸುತ್ತಲ ಗಾಳಿಯ ಆವಿಯ ಒತ್ತಡಕ್ಕೂ ಇರುವ ಅಂತರದಿಂದ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಅದು 56 ಮಿಲಿಬಾರ್. ಕಲಬುರಗಿಯ ಒಣ ಗಾಳಿಯಲ್ಲಿ 16, ಮಂಗಳೂರಿನ ತೇವದ ಗಾಳಿಯಲ್ಲಿ 33. ಅಂದರೆ ಅಲ್ಲಿ 40ರ ಅಂತರ, ಇಲ್ಲಿ ಬರೀ 23. ಕಲಬುರಗಿಯಲ್ಲಿ ಬೆವರು ಬಂದದ್ದೇ ತಿಳಿಯದೆ ಆರಿಹೋಗುತ್ತದೆ, ಮಂಗಳೂರಿನಲ್ಲಿ ಅದು ಅಂಗಿಗೆ ಇಳಿಯುತ್ತದೆ.

ಗಾಳಿ ಈ ಅಂತರವನ್ನು ಹಿಗ್ಗಿಸಲಾರದು. ಆದರೆ ಮೈಗೆ ಅಂಟಿ ನಿಂತ ಒದ್ದೆ ಪದರವನ್ನು ತಳ್ಳಿ, ಇರುವ ಅಂತರವನ್ನು ಪೂರ್ತಿಯಾಗಿ ಬಳಸಿಕೊಳ್ಳಲು ಬಿಡುತ್ತದೆ. ಪಣಂಬೂರಿನ ದಂಡೆಯಲ್ಲಿ ನೆರಳಿಗೆ ನಿಂತವರಿಗೆ 33 ಡಿಗ್ರಿ ಸಹ್ಯವಾಗುವುದು, ಮಂಗಳೂರಿನ ಇಕ್ಕಟ್ಟು ಗಲ್ಲಿಯ ಅಂಗಡಿಯೊಳಗೆ ಅದೇ 33 ಉಸಿರುಗಟ್ಟಿಸುವುದು ಈ ಕಾರಣಕ್ಕೆ. ಎತ್ತರದ ಕಟ್ಟಡಗಳನ್ನು ಒತ್ತೊತ್ತಾಗಿ ಕಟ್ಟಿ ಪಡುವಣ ಗಾಳಿಗೆ ಅಡ್ಡ ನಿಲ್ಲಿಸುವ ಊರುಗಳು ತಮ್ಮ ಸೆಕೆಯನ್ನು ತಾವೇ ಹೆಚ್ಚಿಸಿಕೊಳ್ಳುತ್ತಿವೆ. ನಗರ ಯೋಜನೆಯಲ್ಲಿ ಈ ಮಾತಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ತಾಪ ಮತ್ತು ತೇವವನ್ನು ಒಂದೇ ಅಂಕಿಗೆ ಇಳಿಸುವ ಯತ್ನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಉಷ್ಣ ಸೂಚ್ಯಂಕ. ರಾಬರ್ಟ್ ಸ್ಟೆಡ್‌ಮನ್ 1979ರಲ್ಲಿ ಪ್ರಕಟಿಸಿದ ಕೆಲಸ ಅದರ ಬುನಾದಿ. ಭಾರತೀಯ ಹವಾಮಾನ ಇಲಾಖೆಯೂ 2023ರಿಂದ ಪ್ರಾಯೋಗಿಕವಾಗಿ ಇಂಥ ಸೂಚ್ಯಂಕದ ನಕ್ಷೆಗಳನ್ನು ಕೊಡುತ್ತಿದೆ. ಆ ಸೂತ್ರಕ್ಕೆ ಮೇಲಿನ ಎರಡು ಊರುಗಳ ಅಂಕಿ ಹಾಕಿ ನೋಡಿದರೆ, ಮಂಗಳೂರಿನ 33 ಡಿಗ್ರಿಯೂ ಕಲಬುರಗಿಯ 41 ಡಿಗ್ರಿಯೂ ಮೈಗೆ 41ರಂತೆಯೇ ತಾಗುತ್ತವೆ. ಆದರೆ ಈ ಸೂತ್ರ ನೆರಳನ್ನೂ ಮಂದ ಗಾಳಿಯನ್ನೂ ಊಹಿಸಿಕೊಂಡು ಕಟ್ಟಿದ್ದು. ಗಾಳಿ ಜೋರಾಗಿರುವ ಕಡಲದಂಡೆಯಲ್ಲಿ ಅದು ಸೆಕೆಯನ್ನು ತುಸು ಹೆಚ್ಚಾಗಿ ತೋರಿಸುತ್ತದೆ, ಬಿಸಿಲಲ್ಲಿ ದುಡಿಯುವವರ ಕಷ್ಟವನ್ನು ಕಡಿಮೆ ಮಾಡಿ ತೋರಿಸುತ್ತದೆ.

ಹಳೆಯ ಸಾಧನವೊಂದು ಇದಕ್ಕಿಂತ ನೇರವಾಗಿ ಮಾತಾಡುತ್ತದೆ. ಹವಾಮಾನ ಕೇಂದ್ರಗಳಲ್ಲಿ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡಲು ಪಟ್ಟಿ ಪಟ್ಟಿಯಾಗಿ ಸಂದು ಬಿಟ್ಟ ಬಿಳಿಯ ಮರದ ಪೆಟ್ಟಿಗೆ ಇರುತ್ತದೆ. ಅದರೊಳಗೆ ಎರಡು ಥರ್ಮಾಮೀಟರ್ ಅಕ್ಕಪಕ್ಕ. ಒಂದರ ಬುಡ ಒಣಗಿದ್ದು, ಇನ್ನೊಂದರ ಬುಡಕ್ಕೆ ತೆಳು ಮಸ್ಲಿನ್ ಬಟ್ಟೆ ಸುತ್ತಿರುತ್ತದೆ. ಬಟ್ಟೆಯಿಂದ ಇಳಿದ ಬತ್ತಿಯ ತುದಿ ಪುಟ್ಟ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ. ಬಟ್ಟೆಯ ನೀರು ಆರಿದಷ್ಟೂ ಆ ಪಾದರಸ ಕೆಳಗಿಳಿಯುತ್ತದೆ. ಇದು ಒದ್ದೆ ಬಲ್ಬ್ ತಾಪಮಾನ. ಬೆವರಿ ಬೆವರಿ ದೇಹ ಎಷ್ಟು ತಣಿಯಬಲ್ಲದು ಎಂಬುದರ ಕೆಳಗಿನ ಮಿತಿ. ಕಲಬುರಗಿಯ 41 ಡಿಗ್ರಿಯಲ್ಲಿ ಅದು 23ರ ಹತ್ತಿರ ಇಳಿದರೆ, ಮಂಗಳೂರಿನ 33ರಲ್ಲಿ 27.5ರಲ್ಲೇ ನಿಲ್ಲುತ್ತದೆ. ಒದ್ದೆ ಬಲ್ಬ್ 35 ಮುಟ್ಟಿದರೆ ಮನುಷ್ಯ ದೇಹ ತಣಿಯಲಾರದು ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೇವದ ಹವೆಯಲ್ಲಿ ಆ ಮಿತಿ 31ರ ಆಸುಪಾಸಿಗೇ ಬಂದಿತು. ಕರಾವಳಿಯ ಅಂಕಿಗೂ ಈ ಮಿತಿಗೂ ನಡುವೆ ಉಳಿದಿರುವುದು ಕೆಲವೇ ಡಿಗ್ರಿ. ದೋಣಿಯಿಂದ ಮೀನು ಇಳಿಸುವವರು, ಕಟ್ಟಡದ ಕೂಲಿಗಳು, ವಯಸ್ಸಾದವರು ಈ ಅಂತರದಲ್ಲೇ ಬೇಸಿಗೆ ಕಳೆಯುತ್ತಾರೆ. ಕರಾವಳಿಯಲ್ಲಿ ಬಿಸಿಗಾಳಿ ಘೋಷಿಸಲು ಗರಿಷ್ಠ ತಾಪಮಾನ ಕನಿಷ್ಠ 37 ಇರಬೇಕು ಎಂಬುದು ಹವಾಮಾನ ಇಲಾಖೆಯ ಮಾನದಂಡ, ಬಯಲುನಾಡಿಗೆ ಅದು 40. ಮೇ ತಿಂಗಳ ನಿಜವಾದ ಸೆಕೆ ಈ ಮಾನದಂಡದ ಬಲೆಗೆ ಬೀಳುವುದೇ ಅಪರೂಪ. ಇಲಾಖೆ ಪ್ರತ್ಯೇಕವಾಗಿ ‘ಬಿಸಿ ಮತ್ತು ತೇವದ ಹವೆ’ಯ ಎಚ್ಚರಿಕೆ ಕೊಡುವುದು ಅದಕ್ಕಾಗಿ, ಅದನ್ನು ಹಗುರಾಗಿ ಕಾಣಬಾರದು.

ಕರಾವಳಿಯಲ್ಲಿ ಪಾದರಸ ಅತಿ ಎತ್ತರಕ್ಕೆ ಹೋಗುವುದು ಮೇ ತಿಂಗಳಲ್ಲಲ್ಲ, ಫೆಬ್ರವರಿ ಕೊನೆ ಮತ್ತು ಮಾರ್ಚ್‌ನಲ್ಲಿ. ಆಗ ಘಟ್ಟದ ಮೇಲಿನಿಂದ ಒಣ ಮೂಡಣ ಗಾಳಿ ಇಳಿದು ಬರುತ್ತದೆ, ಇಳಿಯುತ್ತ ಇನ್ನಷ್ಟು ಬಿಸಿಯಾಗುತ್ತದೆ. ಅದು ಕಡಲಗಾಳಿಯನ್ನು ಮಧ್ಯಾಹ್ನದವರೆಗೂ ತಡೆದು ನಿಲ್ಲಿಸಿದ ದಿನ ತಾಪಮಾನ 37 ದಾಟುತ್ತದೆ. 2025ರ ಫೆಬ್ರವರಿ ಕೊನೆಯ ವಾರ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಡಬೇಕಾಗಿ ಬಂದದ್ದು ಇಂಥ ಹವೆಯಲ್ಲಿ. ಕಡಲಗಾಳಿ ಎಷ್ಟು ಹೊತ್ತಿಗೆ ಬಂತು ಎಂಬುದಕ್ಕೆ ಆಸಕ್ತರು ಅಷ್ಟು ಮಹತ್ವ ಕೊಡುವುದೂ ಇದರಿಂದಲೇ. ಮಂಗಳೂರಿನ ಎರಡು ವೀಕ್ಷಣಾಲಯಗಳನ್ನು ಹೋಲಿಸುವುದು ಅವರ ಇಷ್ಟದ ಕೆಲಸ. ಪಣಂಬೂರು ಬಂದರಿನ ಮಗ್ಗುಲಲ್ಲೇ ಇದೆ. ಬಜ್ಪೆ ವಿಮಾನ ನಿಲ್ದಾಣ ಕಡಲಿನಿಂದ ಸುಮಾರು ಹತ್ತು ಕಿ.ಮೀ. ಒಳಗೆ, ನೂರು ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿದೆ. ಕಡಲಗಾಳಿ ಪಣಂಬೂರನ್ನು ಮೊದಲು ತಲುಪಿ ಅಲ್ಲಿನ ಏರಿಕೆಗೆ ಕಡಿವಾಣ ಹಾಕುತ್ತದೆ, ಬಜ್ಪೆ ಅದಕ್ಕಾಗಿ ಕಾಯುತ್ತ ಕಾಯುತ್ತ ಇನ್ನಷ್ಟು ಕಾಯುತ್ತದೆ.

ತೇವ–ಗಾಳಿಗಳ ಈ ಆಟವನ್ನು ಯಂತ್ರವಿಲ್ಲದೆಯೂ ಓದುವವರಿದ್ದಾರೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಅಘನಾಶಿನಿಯ ಉಪ್ಪುನೀರನ್ನು ಗದ್ದೆಗಳಿಗೆ ಹಾಯಿಸಿ ಉಪ್ಪು ತೆಗೆಯುತ್ತಾರೆ. ಬಿಸಿಲಿದ್ದರೆ ಸಾಲದು, ನೀರಿನ ಮೇಲೆ ಗಾಳಿ ಆಡಬೇಕು. ಗಾಳಿಯಲ್ಲೇ ತೇವ ತುಂಬಿದ ದಿನ ಉಪ್ಪು ಕೂರುವುದು ನಿಧಾನ, ಅಕಾಲದ ಒಂದು ಮಳೆ ಬಂದರೆ ಗದ್ದೆಯ ಕೆಲಸವೆಲ್ಲ ಹಾಳು. ಮನೆಗಳಲ್ಲಿ ಹಲಸಿನ ಹಪ್ಪಳ ಒಣಗಿಸುವವರಿಗೂ ಗೊತ್ತು: ಮಾರ್ಚ್‌ನ ಮೂಡಣ ಗಾಳಿಗೆ ಚಾಪೆಯ ಮೇಲೆ ಗರಿಗರಿಯಾಗುವ ಹಪ್ಪಳ, ಮೇ ತಿಂಗಳ ಬಿಸಿಲಿನಲ್ಲಿ ಬೇಗ ಒಣಗದು, ಸಂಜೆ ಒಳಗೆ ತಂದಿಟ್ಟರೆ ಮರುದಿನಕ್ಕೆ ಮತ್ತೆ ಮೆತ್ತಗೆ.

ದಿನದ ಅತಿ ಕಷ್ಟದ ಹೊತ್ತು ಮಧ್ಯಾಹ್ನವಲ್ಲ, ಸಂಜೆ. ಸೂರ್ಯ ಮುಳುಗಿ ಕಡಲಗಾಳಿ ಬಿದ್ದ ಮೇಲೆ, ನೆಲದ ಕಡೆಯ ಗಾಳಿ ಏಳುವ ಮುನ್ನ, ಒಂದೆಲೆಯೂ ಅಲುಗದ ಕೆಲವು ಗಂಟೆಗಳಿವೆ. ತೇವ ಹಾಗೇ ಇದೆ, ಗಾಳಿ ಇಲ್ಲ, ಗೋಡೆ ತಾರಸಿಗಳು ಹಗಲಿನ ಶಾಖವನ್ನು ಬಿಡುತ್ತಿವೆ. ನೆಲ ಆಕಾಶಕ್ಕೆ ಬಿಡುವ ಶಾಖವನ್ನು ನೀರಾವಿ ತಡೆದು ಮರಳಿಸುವುದರಿಂದ ರಾತ್ರಿಯೂ 26–27ರ ಕೆಳಗಿಳಿಯುವುದು ಕಷ್ಟ. ದೇಹಕ್ಕೆ ಬಿಡುವೇ ಸಿಗುವುದಿಲ್ಲ.

ಅದೇ ಹೊತ್ತಿಗೆ ಮೂಡಣದಲ್ಲಿ ಮಿಂಚು ಕಾಣಿಸುತ್ತದೆ. ಹಗಲಿಡೀ ಒಳಗೆ ಹರಿದ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರಿ ಗುಡುಗಿನ ಮೋಡ ಕಟ್ಟುತ್ತದೆ. ಸುಬ್ರಹ್ಮಣ್ಯ, ಸುಳ್ಯ, ಬೆಳ್ತಂಗಡಿ ಕಡೆ ಧಾರಾಕಾರ ಸುರಿದರೂ ದಂಡೆಯ ಊರುಗಳಿಗೆ ಹನಿ ಬೀಳುವುದಿಲ್ಲ, ಏಕೆಂದರೆ ಕಡಲಗಾಳಿಯ ತಂಪಾದ ತೆಳು ಪದರ ದಡದಲ್ಲಿ ಗಾಳಿ ಮೇಲೇರದಂತೆ ಅದುಮಿ ಹಿಡಿದಿರುತ್ತದೆ. ಮೇಲಿನ ಮಟ್ಟದ ಮೂಡಣ ಗಾಳಿ ಬಲವಾಗಿದ್ದ ರಾತ್ರಿ ಮಾತ್ರ ಆ ಮೋಡಗಳು ಪಡುವಣಕ್ಕೆ ತೇಲಿ ಬಂದು, ಬಿರುಗಾಳಿಯ ಜೊತೆ ಅರ್ಧ ಗಂಟೆ ಸುರಿದು, ತೆಂಗು ಬಾಳೆ ಉರುಳಿಸಿ, ಕರೆಂಟು ತೆಗೆದು ಹೋಗುತ್ತವೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೂರಿಸಿರುವ ಮಳೆಮಾಪಕಗಳ ಅಂಕಿಗಳಲ್ಲಿ ಈ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಕೆಲವು ವರ್ಷ ಕಡಲೇ ಆಟ ಕೆಡಿಸುತ್ತದೆ. 2021ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಬಳಿ ಹುಟ್ಟಿದ ತೌಕ್ತೆ ಚಂಡಮಾರುತ ಕರ್ನಾಟಕದ ದಂಡೆಯನ್ನು ಬಡಿದು ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತನ್ನು ಮುಟ್ಟಿತು.

ತುಳುನಾಡಿನಲ್ಲಿ ಮೇ 24–25ರ ಸುಮಾರಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸುತ್ತವೆ, ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಈ ಹೊತ್ತಿಗೆ ಆಸಕ್ತರ ಕಣ್ಣೆಲ್ಲ ಗಾಳಿಯ ದಿಕ್ಕಿನ ಮೇಲೆ. ಹಗಲು ಪಡುವಣ, ಬೆಳಗಿನ ಜಾವ ಮೂಡಣ ಎಂಬ ದಿನದ ಅದಲುಬದಲು ನಿಂತು, ಹಗಲೂ ರಾತ್ರಿಯೂ ಪಡುವಣದಿಂದಲೇ ಬೀಸತೊಡಗಿದರೆ ಮುಂಗಾರು ಹತ್ತಿರವಾಯಿತೆಂದು ಅರ್ಥ. ಹವಾಮಾನ ಇಲಾಖೆ ಕೇರಳಕ್ಕೆ ಮುಂಗಾರಿನ ಆಗಮನ ಘೋಷಿಸಲು ನೋಡುವ ಮೂರು ಸಂಗತಿಗಳಲ್ಲಿ ಈ ಪಡುವಣ ಗಾಳಿಯ ಆಳ ಮತ್ತು ವೇಗವೂ ಒಂದು. ಇನ್ನೊಂದು ಮೋಡದ ಹೊದಿಕೆ, ಮತ್ತೊಂದು 14 ಕೇಂದ್ರಗಳ ಮಳೆ. ಆ ಹದಿನಾಲ್ಕರಲ್ಲಿ ಕರ್ನಾಟಕದ್ದು ಮಂಗಳೂರೊಂದೇ. ಸಾಮಾನ್ಯವಾಗಿ ಜೂನ್ 1ಕ್ಕೆ ಕೇರಳ ಮುಟ್ಟುವ ಮುಂಗಾರು 2025ರಲ್ಲಿ ಮೇ 24ಕ್ಕೇ ಬಂತು. ಮಳೆ ಹಿಡಿದ ಮೇಲೆ ಸಾಪೇಕ್ಷ ಆರ್ದ್ರತೆ ಶೇ 90 ದಾಟುತ್ತದೆ, ಆದರೂ ಸೆಕೆ ಇಳಿಯುತ್ತದೆ. ಮೋಡದ ನೆರಳು ಮತ್ತು ಮಳೆಯಿಂದ ಗರಿಷ್ಠ ತಾಪಮಾನ 29ರ ಸುತ್ತ ಬಂದು, ಇಬ್ಬನಿ ಬಿಂದು ಒಂದೆರಡು ಡಿಗ್ರಿ ತಗ್ಗಿ, ಗಾಳಿ ಇಡೀ ದಿನ ಬೀಸುತ್ತದೆ.