ಹೊಡೆತಕ್ಕೆ 60 ಪೈಸೆ

ಹತ್ತು ಮೀಟರ್ ಆಚೆ ನೆನೆಸಿದ ಕಡಲೆಕಾಳಿನಷ್ಟು ಅಗಲದ ಒಂದು ವೃತ್ತ. ಅಳೆದರೆ 11.5 ಮಿಲಿಮೀಟರ್. ಹೆಚ್ಚುಕಡಿಮೆ ಒಂದು ಕಿಲೋ ತೂಗುವ ಪಿಸ್ತೂಲನ್ನು ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ ಎತ್ತಿ ಹಿಡಿದು 75 ನಿಮಿಷಗಳಲ್ಲಿ 60 ಸಲ ಆ ಕಾಳಿಗೆ ಹೊಡೆಯಬೇಕು. ಇದೇ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆ. ಪೂರ್ಣಾಂಕ 600. ದಕ್ಷಿಣ ಕೊರಿಯಾದ ಜಿನ್ ಜೊಂಗ್-ಓ 2009ರಲ್ಲಿ ಚಾಂಗ್‌ವಾನ್‌ನಲ್ಲಿ 594 ಗಳಿಸಿದ್ದರು. ಅರವತ್ತು ಹೊಡೆತಗಳಲ್ಲಿ ಅವರು ಕಳೆದುಕೊಂಡದ್ದು ಬರೀ ಆರು ಅಂಕ!

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶೂಟರ್ ಮನು ಭಾಕರ್ ಇದೇ ಸ್ಪರ್ಧೆಯಲ್ಲಿ ಕಂಚು ಗೆದ್ದ ಮೇಲೆ ಅವರ ಪಿಸ್ತೂಲಿಗೆ ಕೋಟಿ ರೂಪಾಯಿ ಬೆಲೆಯಂತೆ ಎಂಬ ಸುದ್ದಿ ಹಬ್ಬಿತು. ಅದರ ಬೆಲೆ ಒಂದೂವರೆ ಲಕ್ಷದಿಂದ 1.85 ಲಕ್ಷದ ಆಸುಪಾಸು ಎಂದು ಅವರೇ ಹೇಳಬೇಕಾಯಿತು. ಕೋಟಿಯ ಮಾತು ಸುಳ್ಳಾಯಿತು, ನಿಜ. ಆದರೆ ಸಂಬಳದಲ್ಲಿ ಸಂಸಾರ ತೂಗಿಸುವವರಿಗೆ 1.8 ಲಕ್ಷವೇನು ಸಣ್ಣ ಮೊತ್ತವೇ? ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಸರಬ್ಜೋತ್ ಸಿಂಗ್ ಜೊತೆ ಚಿನ್ನ ಗೆದ್ದವರು. ಅವರನ್ನು ಕಂಡು ಆಸೆಪಟ್ಟ ಮಗುವೊಂದು ನಮ್ಮ ಮನೆಯಲ್ಲೂ ‘ನನಗೊಂದು ಪಿಸ್ತೂಲ್ ಬೇಕು’ ಎಂದರೆ ಏನು ಮಾಡುವುದು? ಲೆಕ್ಕ ಹಾಕೋಣ.

ಪ್ಯಾರಿಸ್ ಫೈನಲ್‌ನಲ್ಲಿ 22 ಹೊಡೆತಗಳ ಕೊನೆಗೆ ಮನು ಅವರ ಮೊತ್ತ 221.7. ಮುಂದಿದ್ದ ಕೊರಿಯಾದ ಆಟಗಾರ್ತಿಯದು 221.8. ಬೆಳ್ಳಿಯ ಸುತ್ತು ಕೈತಪ್ಪಿದ್ದು 0.1 ಅಂಕದಲ್ಲಿ. ಗುರಿಹಲಗೆಯ ಮೇಲೆ ಒಂದು ಅಂಕವೆಂದರೆ 8 ಮಿ.ಮೀ.; ಹಾಗಾಗಿ 0.1 ಎಂದರೆ 0.8 ಮಿ.ಮೀ. ರಾಗಿಕಾಳಿಗಿಂತ ಕಿರಿದು! ಇಪ್ಪತ್ತೆರಡರಲ್ಲಿ ಯಾವುದಾದರೂ ಒಂದು ಗುಂಡು ಇಷ್ಟೇ ಇಷ್ಟು ನಡುವಿಗೆ ಸರಿದಿದ್ದರೆ ಇಬ್ಬರೂ ಸಮಸಮ.

ಈ 0.8 ಮಿ.ಮೀ. ಶೂಟರ್‌ನ ಕೈಯಲ್ಲಿ ಎಷ್ಟಾಗುತ್ತದೆ? ಪಿಸ್ತೂಲಿನ ಮೇಲೆ ಗುರಿ ನೋಡಲು ಇರುವ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ 33 ಸೆಂ.ಮೀ. ಅಂತರವೆಂದು ಹಿಡಿಯಿರಿ. ಅಲ್ಲಿ 0.026 ಮಿ.ಮೀ. ಓರೆಯಾದರೆ ಸಾಕು, ಹಲಗೆಯ ಮೇಲೆ 0.8 ಮಿ.ಮೀ. ತಪ್ಪುತ್ತದೆ. ನಮ್ಮ ತಲೆಗೂದಲು ಸುಮಾರು 0.07 ಮಿ.ಮೀ. ದಪ್ಪ. ಕೂದಲೆಳೆಯ ಅಂತರ ಎನ್ನುತ್ತೇವಲ್ಲ, ಇಲ್ಲಿ ಕೂದಲೆಳೆಯೂ ಮೂರು ಪಾಲು ದಪ್ಪವಾಯಿತು.

ಇನ್ನು ಟ್ರಿಗರ್. ನಿಯಮದ ಪ್ರಕಾರ ಅದು ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಅಂದರೆ ಪಿಸ್ತೂಲಿನ ಅರ್ಧದಷ್ಟು ಭಾರವನ್ನು ಬೆರಳ ತುದಿಯಿಂದ ಎಳೆಯುವಾಗ, ಕೂದಲಿನ ಮೂರನೇ ಒಂದು ಪಾಲಿನಷ್ಟೂ ಸೈಟ್ ಅಲುಗಬಾರದು. ಪ್ರತಿ ಸಲವೂ ಒಂದೇ ಬಿಂದುವಿನಲ್ಲಿ, ಒಂದೇ ಹದದಲ್ಲಿ ಕಳಚಿಕೊಳ್ಳುವ ಟ್ರಿಗರ್, ಅಂಗೈಗೆ ತಕ್ಕಂತೆ ಕಡೆದ ಮರದ ಹಿಡಿ, ಕಾರಿನ ಟೈರಿಗಿಂತ ಸುಮಾರು 90 ಪಟ್ಟು, ಅಂದರೆ 200 ಬಾರ್ ಒತ್ತಡದ ಗಾಳಿಯನ್ನು ಹೊಡೆತಕ್ಕಿಷ್ಟೆಂದು ಅಳೆದು ಬಿಡುವ ರೆಗ್ಯುಲೇಟರ್. ಅರ್ಧ ಗ್ರಾಂ ತೂಕದ 4.5 ಮಿ.ಮೀ. ಸೀಸದ ಗುಂಡು, ಅಂದರೆ ಪೆಲೆಟ್, ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುವುದು ಈ ಗಾಳಿಯ ಬಲದಿಂದ. ದುಡ್ಡು ಹೋಗುವುದು ಇಲ್ಲಿಗೇ.

ಈಗ ಖರ್ಚಿಗೆ ಬರೋಣ. ದಿನಕ್ಕೆ 100 ಹೊಡೆತ, ವರ್ಷಕ್ಕೆ 300 ದಿನ ಅಭ್ಯಾಸ. ಒಟ್ಟು 30,000. ಪ್ರತಿ ಹೊಡೆತಕ್ಕೂ ಒಂದು ಕಿಲೋ ಎತ್ತಿದರೆ ವರ್ಷಕ್ಕೆ ಒಂದೇ ತೋಳು ಎತ್ತಿದ ಭಾರ 30 ಟನ್. ದಸರೆಯ ಅಂಬಾರಿ ಹೊರುವ, ಐದು ಟನ್ ತೂಗುವ ಆನೆಗಳು ಆರು! ಹಾರಿಸಿದ ಸೀಸ 15 ಕಿಲೋ. 500 ಪೆಲೆಟ್‌ಗಳ ಡಬ್ಬಿಗೆ ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 60 ಡಬ್ಬಿ, 60 ಸಾವಿರ ರೂಪಾಯಿ. ಮೂರೇ ವರ್ಷಕ್ಕೆ ಪೆಲೆಟ್‌ಗಳ ಖರ್ಚು ಪಿಸ್ತೂಲಿನ ಬೆಲೆಯನ್ನು ಮುಟ್ಟಿತು.

ಪಿಸ್ತೂಲು ಹತ್ತು ವರ್ಷ ಬಾಳಿದರೆ ಮೂರು ಲಕ್ಷ ಹೊಡೆತ. 1.8 ಲಕ್ಷವನ್ನು ಅಷ್ಟಕ್ಕೆ ಹಂಚಿದರೆ ಹೊಡೆತಕ್ಕೆ 60 ಪೈಸೆ. ಪೆಲೆಟ್‌ಗೆ ಎರಡು ರೂಪಾಯಿ, ಅದನ್ನು ಹಾರಿಸುವ ಪಿಸ್ತೂಲಿಗೆ 60 ಪೈಸೆ!

ಅದೇ ಪಿಸ್ತೂಲು ತಿಂಗಳಿಗೆ ನೂರು ಹೊಡೆತವಷ್ಟೇ ಕಂಡು, ವರ್ಷದ ಕೊನೆಗೆ ಬೀರು ಸೇರಿತೆನ್ನಿ. 1,200 ಹೊಡೆತಕ್ಕೆ 1.8 ಲಕ್ಷ, ಒಂದೊಂದಕ್ಕೂ 150 ರೂಪಾಯಿ. ವಸ್ತು ಅದೇ, ಬೆಲೆ 250 ಪಟ್ಟು.

ದುಬಾರಿ ಪಿಸ್ತೂಲೂ ಕೈಕೊಡಬಹುದು ಎಂಬುದನ್ನೂ ಮರೆಯಬಾರದು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯ ನಡುವೆಯೇ ಮನು ಅವರ ಪಿಸ್ತೂಲು ಕೆಟ್ಟಿತು. ಅಮೂಲ್ಯ ನಿಮಿಷಗಳು ಹೋದವು. 575 ಗಳಿಸಿ, ಎರಡು ಅಂಕಗಳಿಂದ ಫೈನಲ್ ಅವಕಾಶ ಕಳೆದುಕೊಂಡರು. ಮೂರು ವರ್ಷಗಳ ನಂತರ ಅವರನ್ನು ಪದಕದ ವೇದಿಕೆಗೆ ಏರಿಸಿದ್ದು ಆಮೇಲೂ ಬಿಡದೆ ಎತ್ತಿದ ಅದೇ ತೋಳು.

ಹಾಗಾಗಿ ಅಪ್ಪ-ಅಮ್ಮಂದಿರಲ್ಲಿ ನನ್ನ ವಿನಂತಿ ಇಷ್ಟು. ಮೊದಲು ಶೂಟಿಂಗ್ ರೇಂಜ್‌ನಲ್ಲಿರುವ ಪಿಸ್ತೂಲಿನಲ್ಲೇ ಮಗು ಐದು ಸಾವಿರ ಹೊಡೆತ ಹೊಡೆಯಲಿ, ಒಂದೊಂದನ್ನೂ ಪುಸ್ತಕದಲ್ಲಿ ಬರೆದಿಡಲಿ. ಅಷ್ಟಾದ ಮೇಲೂ ಮರುದಿನ ಬೆಳಿಗ್ಗೆ ತಾನಾಗಿ ಎದ್ದು ರೇಂಜ್‌ಗೆ ಹೊರಟರೆ, ಸಾಧ್ಯವಾದಷ್ಟು ಒಳ್ಳೆಯ ಪಿಸ್ತೂಲನ್ನೇ ಕೊಡಿಸಿ. ಆ ದುಡ್ಡು ದಂಡವಾಗುವುದಿಲ್ಲ.