ಸಿಮ್ ಇಲ್ಲದ ಅಪ್ಪನ ಫೋನು

ಮೈಸೂರಿನಲ್ಲಿ ಕಳೆದ ತಿಂಗಳು ಒಂದು ಸಂದರ್ಶನ. ಕೊನೆಯಲ್ಲಿ ಕೇಳಿದರು: ‘ಜಿಎಸ್‌ಎಂ, ಸಿಡಿಎಂಎ ಎರಡರಲ್ಲಿ ಯಾವುದು ಮೇಲು?’ ಎಲೆಕ್ಟ್ರಾನಿಕ್ಸ್ ಓದಿದವನು ನಾನು, ‘ಸಿಡಿಎಂಎ’ ಎಂದೆ. ‘ಗೆದ್ದಿದ್ದು?’ ‘ಜಿಎಸ್‌ಎಂ ಸರ್.’ ‘ಮೇಲಾದದ್ದು ಯಾಕೆ ಸೋತಿತು?’ ತೊದಲಿದೆ. ಕೆಲಸ ಸಿಗಲಿಲ್ಲ.

ವಾಪಸ್ ಬರುವಾಗ ಬಸ್ಸು ಶ್ರೀರಂಗಪಟ್ಟಣ ಬಿಟ್ಟು ಪಾಂಡವಪುರದ ಕಡೆ ತಿರುಗಿದಾಗ ಅಪ್ಪನ ಮೊದಲ ಫೋನು ನೆನಪಾಯಿತು. ನಾಗಮಂಗಲದ ಹತ್ತಿರದ ನಮ್ಮೂರಲ್ಲಿ ತೆಂಗಿನಕಾಯಿ ವ್ಯಾಪಾರಿಗಳ ಜೊತೆ ಮಾತಾಡಲು ಕೊಂಡದ್ದು. ಸಿಡಿಎಂಎ ಸೆಟ್. ಹಿಂಬದಿ ಬಿಚ್ಚಿದರೆ ಬ್ಯಾಟರಿ ಮಾತ್ರ, ಸಿಮ್ ಹಾಕುವ ಜಾಗವೇ ಇಲ್ಲ. ನಂಬರು ಫೋನಿನೊಳಗೇ ಕೂತಿತ್ತು.

ಎರಡರ ವ್ಯತ್ಯಾಸ ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಜಿಎಸ್‌ಎಂ ಅಂದರೆ ನಾಲೆ ನೀರಿನ ಸರದಿ. ಒಂದೇ ಕಾಲುವೆ, ಒಬ್ಬರ ಗದ್ದೆ ಆದ ಮೇಲೆ ಇನ್ನೊಬ್ಬರದು. ಅಲ್ಲಿ ದಿನಗಟ್ಟಲೆ ಕಾಯಬೇಕು, ಇಲ್ಲಿ ಸರದಿ ಸೆಕೆಂಡಿನ ನೂರಾರನೇ ಒಂದು ಭಾಗದಲ್ಲಿ ಮುಗಿಯುತ್ತದೆ, ಅಷ್ಟೇ. ಸಿಡಿಎಂಎ ಅಂದರೆ ಸಂತೆ. ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಆದರೆ ನಮ್ಮವರ ದನಿ ನಮ್ಮ ಕಿವಿಗೆ ಸಿಗುತ್ತದೆ. ಒಬ್ಬೊಬ್ಬರ ಮಾತಿಗೂ ಒಂದೊಂದು ಕೋಡ್. ಅಷ್ಟೇ ತರಂಗದಲ್ಲಿ ಹೆಚ್ಚು ಜನ ಮಾತಾಡಬಹುದು. ಮೊದಲನೆಯದು ಯುರೋಪಿನ ದೇಶಗಳು ಕೂಡಿ ಮಾಡಿಕೊಂಡ ಮಾನದಂಡ. ಎರಡನೆಯದನ್ನು ಫೋನಿಗೆ ತಂದದ್ದು ಅಮೆರಿಕದ ಕ್ವಾಲ್ಕಾಮ್, ಪೇಟೆಂಟೂ ಅದರ ಕೈಯಲ್ಲಿ.

ಕರ್ನಾಟಕದಲ್ಲಿ ಏರ್‌ಟೆಲ್, ಸ್ಪೈಸ್, ಆಮೇಲೆ ಹಚ್, ಎಲ್ಲಾ ಜಿಎಸ್‌ಎಂ ಕಡೆ. ರಿಲಯನ್ಸ್ ಮತ್ತು ಟಾಟಾ ಇಂಡಿಕಾಂ ಸಿಡಿಎಂಎ ಕಡೆ. ಜಗಳ ಹತ್ತಿದ್ದು ಲೈಸೆನ್ಸಿನ ಮೇಲೆ. 2001ರಲ್ಲಿ ಕೇಂದ್ರ ಸರ್ಕಾರ ಸ್ಥಿರ ದೂರವಾಣಿ ಕಂಪನಿಗಳಿಗೆ ‘ಸೀಮಿತ ಚಲನೆ’ಯ ವೈರ್‌ಲೆಸ್ ಫೋನ್ ಕೊಡಲು ಒಪ್ಪಿತು. ಆ ಸೀಮೆ ಹೆಚ್ಚುಕಡಿಮೆ ಒಂದು ತಾಲ್ಲೂಕಿನಷ್ಟು! ನಿಯಮದ ಪ್ರಕಾರ ನಾಗಮಂಗಲದ ಫೋನು ಕೆ.ಆರ್. ಪೇಟೆಯ ಮಾವನ ಮನೆಗೆ ಹೋದರೆ ಸುಮ್ಮನಾಗಬೇಕು. 2002ರ ಡಿಸೆಂಬರ್ 28ರಂದು ಬಂದ ರಿಲಯನ್ಸ್ ಮರುವರ್ಷ 501 ರೂಪಾಯಿಗೆ ಫೋನ್ ಕೈಗಿಟ್ಟಿತು. ದುಬಾರಿ ಲೈಸೆನ್ಸ್ ಪಡೆದಿದ್ದ ಜಿಎಸ್‌ಎಂ ಕಂಪನಿಗಳು ಇದು ಹಿಂಬಾಗಿಲ ಪ್ರವೇಶ ಎಂದು ಸುಪ್ರೀಂ ಕೋರ್ಟ್‌ವರೆಗೂ ಹೋದವು. 2003ರ ನವೆಂಬರಿನಲ್ಲಿ ಸರ್ಕಾರ ಏಕೀಕೃತ ಲೈಸೆನ್ಸ್ ತಂದು ಆ ಬೇಲಿ ಕಿತ್ತುಹಾಕಿತು.

ಇದೆಲ್ಲ ನನಗೆ ಓದಿ ಗೊತ್ತಿತ್ತು. ಸೋಲಿನ ಕಾರಣ ಹೇಳಿದ್ದು ಮಾತ್ರ ಕೆ.ಆರ್. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮಾವ.

‘ಏನ್ಲಾ, ಇಂಜಿನಿಯರ್ ಆಗಿ ಇಷ್ಟು ಗೊತ್ತಿಲ್ವಾ? ಹಳೇ ನೋಕಿಯಾ ತಗೊಂಡ್ರೆ ಯಾವ್ ಸಿಮ್ ಹಾಕಿದ್ರೂ ನಡೆಯೋದು. ಬೇಡ ಅಂದ್ರೆ ನಾನೇ ಕೊಂಡ್ಕೊಂಡು ಇನ್ನೊಬ್ರಿಗೆ ಮಾರ್ತಿದ್ದೆ. ನಿಮ್ಮಪ್ಪಂದು ಹಂಗಲ್ಲ. ಕಂಪನಿ ಬಿಟ್ರೆ ಸೆಟ್ಟೂ ಬಿಡ್ಬೇಕು. ಅದನ್ನ ಯಾರ್ ಕೊಂಡ್ಕೋತಾರೆ?’

ಸೆಕೆಂಡ್ ಹ್ಯಾಂಡ್ ಸೆಟ್ಟಿಗೆ ಬೆಲೆ ಇದೆಯೇ ಎಂಬ ಪ್ರಶ್ನೆ ನನ್ನ ಯಾವ ಪಠ್ಯದಲ್ಲೂ ಇರಲಿಲ್ಲ. ದೊಡ್ಡ ಕಂಪನಿಗಳ ಲೆಕ್ಕವೂ ಬೇರೆಯಲ್ಲ. ಜಗತ್ತಿನ ಬಹುಪಾಲು ಜಿಎಸ್‌ಎಂ ಕಡೆ ಇದ್ದಾಗ ಸೆಟ್ ತಯಾರಿಸುವವರೂ ಅಲ್ಲೇ ಸೇರಿದರು, ಬೆಲೆ ಇಳಿಯಿತು. ನೋಕಿಯಾ 2006ರಲ್ಲಿ ಸಿಡಿಎಂಎ ಸೆಟ್ ತಯಾರಿಕೆಯಿಂದ ಹಿಂದೆ ಸರಿಯಿತು. 2007ರಲ್ಲಿ ರಿಲಯನ್ಸ್ ತಾನೇ ಜಿಎಸ್‌ಎಂಗೆ ಅನುಮತಿ ಪಡೆಯಿತು. ಟಾಟಾ 2009ರಲ್ಲಿ ಡೊಕೊಮೊ ಹೆಸರಲ್ಲಿ, ಸೆಕೆಂಡಿಗೆ ಒಂದು ಪೈಸೆಯ ದರದೊಂದಿಗೆ ಅದೇ ದಾರಿ ಹಿಡಿಯಿತು.

ತಮಾಷೆ ಎಂದರೆ ಸೋತದ್ದು ಸಿಡಿಎಂಎ ಎಂಬ ಹೆಸರು, ವಿದ್ಯೆಯಲ್ಲ. ಜಿಎಸ್‌ಎಂ ಕಡೆಯವರ 3ಜಿ ಇದೆಯಲ್ಲ, ಅದರ ಒಳಗಿದ್ದದ್ದು ಸಿಡಿಎಂಎ ವಿಧಾನವೇ. ಅಲ್ಲೂ ಕ್ವಾಲ್ಕಾಮ್‌ಗೆ ರಾಯಧನ ಹೋಯಿತು. ಅದೇ ಕ್ವಾಲ್ಕಾಮ್ 2008ರಲ್ಲಿ ತನ್ನ ಸ್ವಂತ 4ಜಿ ಯೋಜನೆ ಕೈಬಿಟ್ಟು ಎಲ್‌ಟಿಇ ಒಪ್ಪಿಕೊಂಡಿತು. ಸಂದರ್ಶನದಲ್ಲಿ ಇದನ್ನು ಹೇಳಬೇಕಿತ್ತು!

ಅಪ್ಪ ಮಾತ್ರ ಆ ಸೆಟ್ ಬಿಟ್ಟಿರಲಿಲ್ಲ. ಸೇವೆ ನಿಲ್ಲುತ್ತದೆ, ನಂಬರ್ ಪೋರ್ಟ್ ಮಾಡಿಕೊಳ್ಳಿ ಎಂದು ಕಂಪನಿಯಿಂದ ಮೆಸೇಜ್ ಬಂದಿತ್ತಂತೆ, ಇಂಗ್ಲಿಷಿನಲ್ಲಿ. ಅಪ್ಪ ಓದಲಿಲ್ಲ, ನಾನು ನೋಡಲಿಲ್ಲ. ಒಂದು ಬೆಳಿಗ್ಗೆ ಸಿಗ್ನಲ್ ಹೋಯಿತು, ವರ್ಷಗಳಿಂದ ವ್ಯಾಪಾರಿಗಳ ಬಾಯಲ್ಲಿದ್ದ ನಂಬರೂ ಹೋಯಿತು. ಆ ಸಲದ ಕಾಯಿ ಬಂದವನಿಗೆ ಬಂದ ಬೆಲೆಗೆ ಹೋಯಿತು. ಎಷ್ಟು ಕಳೆದುಕೊಂಡೆವು ಎಂದು ಅಪ್ಪ ಇವತ್ತಿಗೂ ಹೇಳಿಲ್ಲ.

ಇಂಥದ್ದೇ ಇನ್ನೊಂದು ಹಗ್ಗಜಗ್ಗಾಟ ಮೊನ್ನೆ ಮೊನ್ನೆ ನಡೆಯಿತು. ಭಾರತದ ಮಾನದಂಡ ಸಂಸ್ಥೆ ಟಿಎಸ್‌ಡಿಎಸ್‌ಐ, ಮದ್ರಾಸ್ ಮತ್ತು ಹೈದರಾಬಾದ್ ಐಐಟಿಗಳ ಕೆಲಸವಿದ್ದ ‘5ಜಿಐ’ ಅನ್ನು ಮುಂದಿಟ್ಟಿತು. ನಮ್ಮಂಥ ಊರುಗಳಿಗಾಗಿಯೇ, ಟವರಿನಿಂದ ಟವರಿಗೆ 6 ಕಿ.ಮೀ. ದೂರವಿದ್ದರೂ ಸಿಗ್ನಲ್ ತಲುಪಬೇಕು ಎಂಬುದು ಅದರ ಗುರಿ. ಟೆಲಿಕಾಂ ಕಂಪನಿಗಳಿಗೆ ಇಷ್ಟವಾಗಲಿಲ್ಲ. ಬೇರೆ ಮಾನದಂಡ ಎಂದರೆ ಬೇರೆ ಉಪಕರಣ, ಬೇರೆ ಸೆಟ್, ಹೆಚ್ಚು ಖರ್ಚು. 2021ರ ಕೊನೆಗೆ ಅದನ್ನು ಜಾಗತಿಕ 5ಜಿ ಮಾನದಂಡದೊಳಗೇ ಸೇರಿಸುವ ಒಪ್ಪಂದವಾಯಿತು. ಸ್ವದೇಶಿ ಎಂಬ ಹೆಮ್ಮೆಯಿಂದ ಬೇಸರಪಟ್ಟವರಿದ್ದಾರೆ. ನನಗೆ ಮಾತ್ರ ಸಮಾಧಾನವಾಯಿತು.

ಹೋದ ಭಾನುವಾರ ಮಾವನ ಅಂಗಡಿಗೆ ಆ ಹಳೇ ಸೆಟ್ ಒಯ್ದಿದ್ದೆ. ಮಾವ ಡ್ರಾಯರ್ ತಡಕಿ ಯಾವುದೋ ಚಾರ್ಜರ್ ಸಿಕ್ಕಿಸಿದರು. ಸ್ಕ್ರೀನು ಬೆಳಗಿತು. ನೆಟ್‌ವರ್ಕ್ ಹುಡುಕುತ್ತಲೇ ಇತ್ತು. ಫೋನ್‌ಬುಕ್ ತೆರೆದರೆ ನೀರುಗಂಟಿ, ಡೇರಿ, ಗೊಬ್ಬರದಂಗಡಿ, ಐದಾರು ಕಾಯಿ ವ್ಯಾಪಾರಿಗಳು. ಒಂದೊಂದೇ ಹಾಳೆಯ ಮೇಲೆ ಬರೆದುಕೊಂಡೆ. ಅವುಗಳಲ್ಲಿ ಎರಡು ಇನ್ನೂ ರಿಂಗಾಗುತ್ತವೆ.