ನೀರನ್ನು ಬಲ್ಲವರು

ಚಿತ್ರದುರ್ಗದ ಸೀಮೆಯನ್ನು ಮಳೆ ಕಡಿಮೆಯಾದ ನಾಡೆಂದೇ ಎಲ್ಲರೂ ಬಲ್ಲರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಮುಂಗಾರು ಕೈಕೊಟ್ಟ ವರ್ಷ ಕೆರೆಯಂಗಳದಲ್ಲಿ ದನಗಳು ಮೇಯುವುದನ್ನು ಕಾಣಬಹುದು. ಆದರೂ ಈ ಸೀಮೆಯ ಜನ ನೀರಿನ ಬಳಕೆಯಿಲ್ಲದವರಲ್ಲ. ದುರ್ಗದ ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳಲ್ಲಿ ಮಳೆಯ ನೀರನ್ನು ಹಿಡಿದಿಟ್ಟವರು ನಮ್ಮ ಹಿರಿಯರು. ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರವೂ ಇಲ್ಲಿಯದೇ. ನೀರು ಅಪರೂಪವಾದ ಕಡೆಯಲ್ಲಿಯೇ ಅದರ ಬೆಲೆ ಜನರಿಗೆ ಚೆನ್ನಾಗಿ ತಿಳಿದಿರುತ್ತದೆ.

ನಮ್ಮ ಬಾಲ್ಯದಲ್ಲಿ ಈಜು ಕಲಿಯಲು ಶಾಲೆ ಇರಲಿಲ್ಲ, ಬಾವಿಗಳಿದ್ದುವು. ಹೊಳಲ್ಕೆರೆಯ ಕಡೆ ಅಡಕೆ ತೋಟದ ಅಂಚಿನಲ್ಲಿ ಮೆಟ್ಟಿಲಿದ್ದ ಕಪಿಲೆ ಬಾವಿಯೇ ನಮ್ಮ ಈಜುಕೊಳ. ಬೆನ್ನಿಗೆ ಒಣಗಿದ ಸೋರೆ ಬುರುಡೆ, ನಡುವಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ದಡದಲ್ಲಿ ನಿಂತ ಸೋದರಮಾವನ ಕೈಯಲ್ಲಿ. “ಹೆದರಬೇಡ ಕಣೋ, ಮೈ ಸಡಿಲ ಬಿಡು, ನೀರೇ ಎತ್ತುತ್ತೆ” ಎಂಬುದು ಅವರು ಹೇಳುತ್ತಿದ್ದ ಒಂದೇ ಪಾಠ. ಅದು ಬರಿಯ ಧೈರ್ಯದ ಮಾತಲ್ಲ, ವಿಜ್ಞಾನವೂ ಹೌದೆಂದು ತಿಳಿದದ್ದು ಪ್ರೌಢಶಾಲೆಗೆ ಬಂದ ಮೇಲೆ. ನೀರಿನಲ್ಲಿ ಮುಳುಗಿದ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಬಲದಿಂದ ಮೇಲಕ್ಕೆ ಒತ್ತಲ್ಪಡುತ್ತದೆ. ಶ್ವಾಸಕೋಶಗಳಲ್ಲಿ ಗಾಳಿ ತುಂಬಿಕೊಂಡಾಗ ಮನುಷ್ಯನ ದೇಹ ಸಾಮಾನ್ಯವಾಗಿ ತೇಲುವಷ್ಟು ಹಗುರವಾಗಿರುತ್ತದೆ. ಆದರೆ ಹೆದರಿದವನು ಮೊದಲು ಮಾಡುವ ಕೆಲಸ ಕೈಗಳನ್ನು ಮೇಲೆತ್ತಿ ಕೂಗುವುದು. ಕೈ ನೀರಿನಿಂದ ಹೊರಬಂದಷ್ಟೂ ತಲೆ ಒಳಕ್ಕಿಳಿಯುತ್ತದೆ. ಎಷ್ಟೋ ವೇಳೆ ಮುಳುಗಿಸುವುದು ನೀರಲ್ಲ, ನೀರನ್ನು ಅರಿಯದ ಭಯ.

ಭಯವನ್ನು ಗೆದ್ದು ತೇಲುವುದು ಈಜಿನ ಮೊದಲ ಮೆಟ್ಟಿಲು. ಕೊನೆಯ ಮೆಟ್ಟಿಲು ಏಷ್ಯನ್ ಕ್ರೀಡಾಕೂಟ, ಒಲಿಂಪಿಕ್ ಕ್ರೀಡಾಕೂಟಗಳಂತಹ ಮಹಾಸಭೆಗಳಲ್ಲಿದೆ. ಅಲ್ಲಿ ಹಲವು ದೇಶಗಳ ಈಜುಗಾರರು ಕೂದಲೆಳೆಯಷ್ಟು ಅಂತರದಲ್ಲಿ ಸೆಣಸುತ್ತಾರೆ. ಆ ಸ್ಪರ್ಧೆಗಳು ಹೇಗೆ ನಡೆಯುತ್ತವೆ, ನಮ್ಮವರು ಅಲ್ಲಿ ಏನು ಸಾಧಿಸಿದ್ದಾರೆ ಎಂಬುದನ್ನು ಈಗ ನೋಡೋಣ.

ಆಧುನಿಕ ಒಲಿಂಪಿಕ್ ಕ್ರೀಡಾಕೂಟ ಮೊದಲು ನಡೆದದ್ದು 1896ರಲ್ಲಿ, ಗ್ರೀಸ್ ದೇಶದ ಅಥೆನ್ಸಿನಲ್ಲಿ. ಆಗ ಕಟ್ಟಿದ ಕೊಳವೇ ಇರಲಿಲ್ಲ. ಈಜಿನ ಪಂದ್ಯಗಳು ಸಮುದ್ರದ ಕೊಲ್ಲಿಯಲ್ಲಿ ನಡೆದುವು. ನೀರು ಕೊರೆಯುವಷ್ಟು ತಣ್ಣಗಿತ್ತು. ಹಂಗೆರಿಯ ಆಲ್ಫ್ರೆಡ್ ಹಾಯೋಶ್ ಎಂಬ 18 ವರ್ಷದ ತರುಣ ಮೈಗೆ ದಪ್ಪನಾಗಿ ಕೊಬ್ಬನ್ನು ಬಳಿದುಕೊಂಡು ಅಲೆಗಳೊಡನೆ ಹೋರಾಡಿ 100 ಮೀಟರ್ ಮತ್ತು 1200 ಮೀಟರ್ ಪಂದ್ಯಗಳೆರಡನ್ನೂ ಗೆದ್ದ. ಅವನು 13 ವರ್ಷದವನಾಗಿದ್ದಾಗ ಅವನ ತಂದೆ ಡಾನ್ಯೂಬ್ ನದಿಯಲ್ಲಿ ಮುಳುಗಿ ತೀರಿಕೊಂಡಿದ್ದರು. ಆ ದುಃಖವೇ ಅವನನ್ನು ಈಜು ಕಲಿಯುವಂತೆ ಮಾಡಿತು. ನೀರು ತನ್ನಿಂದ ಕಸಿದುಕೊಂಡದ್ದನ್ನು ನೆನೆದು ನೀರಿಗೆ ಬೆನ್ನು ತಿರುಗಿಸದೆ, ಅದನ್ನು ಅರಿಯಲು ಹೊರಟವನು ಒಲಿಂಪಿಕ್ ಈಜಿನ ಮೊದಲ ವಿಜೇತನಾದ.

ಇಂದು ಅಲೆಗಳಿಗೂ ಚಳಿಗೂ ಅಲ್ಲಿ ಎಡೆಯಿಲ್ಲ. ಒಲಿಂಪಿಕ್ ಈಜುಕೊಳದ ಉದ್ದ ಸರಿಯಾಗಿ 50 ಮೀಟರ್, ಅಗಲ 25 ಮೀಟರ್. ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ತೇಲುವ ಬಿಲ್ಲೆಗಳನ್ನು ಪೋಣಿಸಿದ ಹಗ್ಗಗಳು ಕೊಳವನ್ನು ಎರಡೂವರೆ ಮೀಟರ್ ಅಗಲದ ಓಣಿಗಳನ್ನಾಗಿ ವಿಂಗಡಿಸುತ್ತವೆ. ಒಬ್ಬನ ಕೈಕಾಲುಗಳಿಂದ ಎದ್ದ ಅಲೆ ಪಕ್ಕದವನನ್ನು ತಟ್ಟದಂತೆ ಆ ಬಿಲ್ಲೆಗಳು ಅಲೆಯನ್ನು ಒಡೆಯುತ್ತವೆ. ಮೊದಲ ಸುತ್ತುಗಳಲ್ಲಿ ಹೆಚ್ಚು ವೇಗ ತೋರಿದವರಿಗೆ ನಡುವಿನ ಓಣಿಗಳು ದೊರೆಯುತ್ತವೆ. ಗೋಡೆಗೆ ಬಡಿದು ಮರಳುವ ಅಲೆಗಳ ಕಾಟ ಅಲ್ಲಿ ಕಡಿಮೆ.

ಸ್ಪರ್ಧೆಯಲ್ಲಿ ನಾಲ್ಕು ಬಗೆಯ ಈಜುಗಳಿವೆ. ಮೊದಲನೆಯದು ಫ್ರೀಸ್ಟೈಲ್. ಹೆಸರೇ ಹೇಳುವಂತೆ ಇದರಲ್ಲಿ ಹೇಗಾದರೂ ಈಜಬಹುದು. ಆದರೆ ಕೈಗಳನ್ನು ಒಂದಾದ ಮೇಲೊಂದರಂತೆ ಮುಂದೆ ಚಾಚಿ ನೀರನ್ನು ಹಿಂದಕ್ಕೆ ಎಳೆಯುವ ಕ್ರಾಲ್ ಎಂಬ ಬಗೆಯೇ ಎಲ್ಲಕ್ಕಿಂತ ವೇಗವಾದದ್ದರಿಂದ ಎಲ್ಲರೂ ಅದನ್ನೇ ಅನುಸರಿಸುತ್ತಾರೆ. ಎರಡನೆಯದು ಅಂಗಾತ ಮಲಗಿ ಈಜುವ ಬ್ಯಾಕ್‌ಸ್ಟ್ರೋಕ್. ಮೂರನೆಯದು ಬ್ರೆಸ್ಟ್‌ಸ್ಟ್ರೋಕ್, ನಮ್ಮ ಹಳ್ಳಿಯ ಹುಡುಗರು ಕಪ್ಪೆ ಈಜು ಎನ್ನುವುದು ಇದನ್ನೇ. ಎರಡು ಕೈಗಳನ್ನೂ ಒಟ್ಟಿಗೆ ನೀರಿನ ಮೇಲಿನಿಂದ ಚಿಟ್ಟೆಯ ರೆಕ್ಕೆಗಳಂತೆ ಬೀಸುವ ಬಟರ್‌ಫ್ಲೈ ನಾಲ್ಕನೆಯದು. ಇದು ಕಪ್ಪೆ ಈಜಿನಿಂದಲೇ ಕವಲೊಡೆದು ಬೆಳೆದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬೇರೆಯ ಸ್ಪರ್ಧೆಯಾಯಿತು. ನಾಲ್ಕನ್ನೂ ಒಬ್ಬನೇ ಈಜುವ ಮೆಡ್ಲೆ ಪಂದ್ಯವೂ, ನಾಲ್ವರು ಒಬ್ಬರಾದ ಮೇಲೊಬ್ಬರು ಈಜುವ ರಿಲೇ ಪಂದ್ಯವೂ ಉಂಟು.

ಈ ಪಂದ್ಯಗಳಲ್ಲಿ ಕಾಲವನ್ನು ಒಂದು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಅಳೆಯುತ್ತಾರೆ. ಗೋಡೆಗೆ ಹೊಂದಿಸಿದ ಸ್ಪರ್ಶಫಲಕವನ್ನು ಈಜುಗಾರನ ಕೈ ಒತ್ತಿದೊಡನೆ ಗಡಿಯಾರ ನಿಲ್ಲುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 100 ಮೀಟರ್ ಬಟರ್‌ಫ್ಲೈ ಪಂದ್ಯದಲ್ಲಿ ಅಮೆರಿಕದ ಮೈಕೆಲ್ ಫೆಲ್ಪ್ಸ್ 50.58 ಸೆಕೆಂಡುಗಳಲ್ಲಿಯೂ, ಸರ್ಬಿಯದ ಮಿಲೋರಾದ್ ಚಾವಿಚ್ 50.59 ಸೆಕೆಂಡುಗಳಲ್ಲಿಯೂ ಗುರಿ ಮುಟ್ಟಿದರು. ಕೊನೆಯ ಗಳಿಗೆಯಲ್ಲಿ ಚಾವಿಚ್ ಕೈ ಚಾಚಿ ತೇಲುತ್ತ ಬಂದರೆ, ಫೆಲ್ಪ್ಸ್ ಮತ್ತೊಮ್ಮೆ ಕೈ ಬೀಸಿ ಗೋಡೆಯನ್ನು ಒತ್ತಿದ. ಗೆಲುವು ಸೋಲುಗಳ ನಡುವೆ ಇದ್ದದ್ದು ಕೆಲವೇ ಸೆಂಟಿಮೀಟರ್ ನೀರು.

ಈಜು ಕಾಲದೊಡನೆ ನಡೆಯುವ ಪಂದ್ಯವಾದರೆ, ಧುಮುಕುವುದು ಅಂದದೊಡನೆ ನಡೆಯುವ ಪಂದ್ಯ. ಇದನ್ನು ಡೈವಿಂಗ್ ಎನ್ನುತ್ತಾರೆ. ಇದು ಒಲಿಂಪಿಕ್ ಕೂಟವನ್ನು ಸೇರಿದ್ದು 1904ರಲ್ಲಿ. ಒಲಿಂಪಿಕ್ಸ್‌ನಲ್ಲಿ ನೀರಿನಿಂದ 3 ಮೀಟರ್ ಎತ್ತರದ, ಚಿಮ್ಮುವ ಹಲಗೆಯಿಂದ ಒಂದು ಸ್ಪರ್ಧೆಯೂ, 10 ಮೀಟರ್ ಎತ್ತರದ ಗಟ್ಟಿ ವೇದಿಕೆಯಿಂದ ಇನ್ನೊಂದು ಸ್ಪರ್ಧೆಯೂ ನಡೆಯುತ್ತವೆ. ಹತ್ತು ಮೀಟರ್ ಎಂದರೆ ಮೂರಂತಸ್ತಿನ ಮನೆಯಷ್ಟು ಎತ್ತರ. ಅಲ್ಲಿಂದ ನೀರು ಮುಟ್ಟಲು ಹಿಡಿಯುವ ಕಾಲ ಸುಮಾರು ಒಂದೂವರೆ ಸೆಕೆಂಡು. ನೀರನ್ನು ಸೇರುವಾಗಿನ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಅಷ್ಟರೊಳಗೆ ಸ್ಪರ್ಧಿ ಗಾಳಿಯಲ್ಲಿ ಲಾಗ ಹಾಕಿ, ಮೈ ತಿರುಚಿ, ಮತ್ತೆ ನೆಟ್ಟಗಾಗಿ, ನೀರು ಹೆಚ್ಚು ಸಿಡಿಯದಂತೆ ಒಳಸೇರಬೇಕು.

ಇದನ್ನು ಅಳೆಯುವುದು ಹೇಗೆ? ವೈಯಕ್ತಿಕ ಸ್ಪರ್ಧೆಯಲ್ಲಿ ಏಳು ಮಂದಿ ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನ ಎರಡು ಅಂಕಗಳನ್ನೂ ಅತಿ ಕಡಿಮೆಯ ಎರಡು ಅಂಕಗಳನ್ನೂ ಕೈಬಿಟ್ಟು, ಉಳಿದ ಮೂರನ್ನು ಕೂಡಿ, ಆ ಧುಮುಕುವಿಕೆ ಎಷ್ಟು ಕಠಿಣವೆಂಬುದನ್ನು ಸೂಚಿಸುವ ಅಂಕಿಯಿಂದ ಗುಣಿಸುತ್ತಾರೆ. ಉಳಿದ ಅಂಕಗಳು ಮೂರೂ 8 ಆಗಿದ್ದು ಕಠಿಣತೆಯ ಅಂಕಿ 3 ಆಗಿದ್ದರೆ, ಸ್ಪರ್ಧಿಗೆ 72 ಅಂಕಗಳು ದೊರೆಯುತ್ತವೆ. ಒಬ್ಬ ತೀರ್ಪುಗಾರನ ಒಲವಾಗಲಿ ಮುನಿಸಾಗಲಿ ಫಲಿತಾಂಶವನ್ನು ಕೆಡಿಸದಂತೆ ಮಾಡಿದ ಈ ಏರ್ಪಾಡು ಮೆಚ್ಚತಕ್ಕದ್ದು.

ಧುಮುಕುವ ಕೊಳದ ಇನ್ನೊಂದು ನಿಯಮವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಹತ್ತು ಮೀಟರಿನ ವೇದಿಕೆಯ ಕೆಳಗೆ ನೀರಿನ ಆಳ ಸುಮಾರು 5 ಮೀಟರ್ ಇರಬೇಕೆಂದು ವಿಧಿಸಲಾಗಿದೆ. ನೀರಿನ ಮೇಲ್ಮೈ ಎಲ್ಲಿದೆಯೆಂಬುದು ಮೇಲಿನಿಂದ ಸ್ಪಷ್ಟವಾಗಿ ಕಾಣಲೆಂದು ಕೊಳದ ಮೇಲೆ ನೀರನ್ನು ಸಿಂಪಡಿಸುತ್ತಲೂ ಇರುತ್ತಾರೆ. ಓದುವಾಗ ಇವು ಬರಿಯ ಕಟ್ಟಳೆಗಳೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ.

ನಾನು ಉಪಾಧ್ಯಾಯನಾಗಿದ್ದ ಒಂದು ಊರಿನಲ್ಲಿ, ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪಂಪುಮನೆಯ ಮಾಳಿಗೆಯಿಂದ ಬಾವಿಗೆ ಎರಡು ಲಾಗ ಹಾಕಿ ಧುಮುಕುವುದರಲ್ಲಿ ಅವನಿಗೆ ಸಮಾನರಿಲ್ಲ. ದಡದಲ್ಲಿ ನಿಂತು ಭಲೆ ಎಂದವರಲ್ಲಿ ನಾನೂ ಒಬ್ಬ. ಕಾರ್ತಿಕದಲ್ಲಿ ತುಂಬಿದ್ದ ಬಾವಿ ಚೈತ್ರದ ಹೊತ್ತಿಗೆ ಇಳಿದಿತ್ತು. ನೀರಿನ ಬಣ್ಣ ಮಾತ್ರ ಮೊದಲಿನಂತೆಯೇ ಕಪ್ಪಾಗಿತ್ತು. ರಜೆಯ ಒಂದು ಮಧ್ಯಾಹ್ನ ಅವನು ಎಂದಿನಂತೆ ಧುಮುಕಿದ. ಒಳಗಿನ ಬಂಡೆ ತಲೆಗೆ ತಗುಲಿತು. ಪ್ರಾಣ ಉಳಿಯಿತು, ಕಾಲುಗಳಲ್ಲಿ ಶಕ್ತಿ ಮರಳಲಿಲ್ಲ. ಮರುವರ್ಷ ನೋಡಲು ಹೋದಾಗ ಅವನು ಹಾಸಿಗೆಯಲ್ಲಿ ಮಲಗಿಕೊಂಡೇ, “ಸಾರ್, ಒಂದು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದ್ದರೆ ಸಾಕಾಗಿತ್ತು” ಎಂದ. ಆ ಮಾತನ್ನು ಅವನಿಗೆ ಮೊದಲೇ ಹೇಳಬೇಕಾಗಿದ್ದವನು ನಾನು. ಅಂದಿನಿಂದ ಪ್ರತಿವರ್ಷ ಬೇಸಿಗೆ ರಜೆ ಕೊಡುವ ಮುನ್ನ ನಾನು ತರಗತಿಗಳಲ್ಲಿ ಈ ಸಂಗತಿಯನ್ನು ತಪ್ಪದೆ ಹೇಳುತ್ತ ಬಂದೆ; ಇಲ್ಲಿಯೂ ಹೇಳಿದ್ದೇನೆ. ಒಲಿಂಪಿಕ್ ವೀರನಿಗೂ ಬೇಕಾದ ಆಳದ ಅಳತೆ ನಮಗೆ ಬೇಡವಾದೀತೆ?

ಇನ್ನು ಅಂತರರಾಷ್ಟ್ರೀಯ ಕೂಟಗಳಲ್ಲಿ ನಮ್ಮ ದೇಶದವರ ಸಾಧನೆಯನ್ನು ನೋಡೋಣ. ಮೊದಲ ಏಷ್ಯನ್ ಕ್ರೀಡಾಕೂಟ ನಡೆದದ್ದು ನಮ್ಮ ದೆಹಲಿಯಲ್ಲಿ, 1951ರ ಮಾರ್ಚ್ ತಿಂಗಳಿನಲ್ಲಿ. ಅಲ್ಲಿ 100 ಮೀಟರ್ ಫ್ರೀಸ್ಟೈಲ್ ಗೆದ್ದ ಸಚಿನ್ ನಾಗ್ ಏಷ್ಯನ್ ಕೂಟದಲ್ಲಿ ಭಾರತಕ್ಕೆ ಮೊದಲ ಚಿನ್ನದ ಪದಕವನ್ನು ತಂದರು. 1947ರಲ್ಲಿ ಕಲ್ಕತ್ತೆಯ ಗಲಭೆಯ ದಿನಗಳಲ್ಲಿ ಅವರ ಕಾಲಿಗೆ ಗುಂಡು ತಗುಲಿತ್ತು. ಆ ಗಾಯವನ್ನು ಮೀರಿ ಅವರು ಮತ್ತೆ ನೀರಿಗಿಳಿದಿದ್ದರು. ಅದೇ ಕೂಟದಲ್ಲಿ ಕೆ. ಪಿ. ಠಕ್ಕರ್ ಹಲಗೆ ಮತ್ತು ವೇದಿಕೆಗಳೆರಡರಿಂದ ಧುಮುಕುವ ಸ್ಪರ್ಧೆಗಳಲ್ಲಿಯೂ ಚಿನ್ನ ಗೆದ್ದರು. ಆ ಬಳಿಕ ಈಜಿನಲ್ಲಿ ಮತ್ತೊಂದು ಪದಕಕ್ಕಾಗಿ ದೇಶ 35 ವರ್ಷ ಕಾಯಬೇಕಾಯಿತು. 1986ರಲ್ಲಿ ಸಿಯೋಲ್‌ನಲ್ಲಿ ಖಜಾನ್ ಸಿಂಗ್ 200 ಮೀಟರ್ ಬಟರ್‌ಫ್ಲೈನಲ್ಲಿ ಬೆಳ್ಳಿ ಗೆದ್ದರು. ವೀರಧವಳ ಖಾಡೆ 2010ರಲ್ಲಿ, ಸಂದೀಪ್ ಸೇಜ್ವಾಲ್ 2014ರಲ್ಲಿ ಕಂಚು ಗಳಿಸಿದರು. ಕೋಟಿ ಕೋಟಿ ಜನರಿರುವ ದೇಶಕ್ಕೆ ಇದು ದೊಡ್ಡ ಪಟ್ಟಿಯಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ.

ಆದರೂ ಕರ್ನಾಟಕಕ್ಕೆ ಸಂತೋಷಪಡುವ ಕಾರಣಗಳುಂಟು. ಬೆಂಗಳೂರಿನ ನಿಶಾ ಮಿಲ್ಲೆಟ್ ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಮುಳುಗುವ ಅಪಾಯದಿಂದ ಪಾರಾದವರು. ಆ ಭಯವನ್ನು ಗೆಲ್ಲಲೆಂದೇ ಈಜು ಕಲಿತು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. ಶ್ರೀಹರಿ ನಟರಾಜ್ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿಯೂ 2024ರ ಪ್ಯಾರಿಸ್ ಕೂಟದಲ್ಲಿಯೂ ಬ್ಯಾಕ್‌ಸ್ಟ್ರೋಕ್ ಈಜಿದರು. ಪ್ಯಾರಿಸ್ಸಿಗೆ ಹೋದ ಭಾರತೀಯರಲ್ಲೆಲ್ಲ ಕಿರಿಯಳಾದ ಧಿನಿಧಿ ದೇಸಿಂಗು 14 ವರ್ಷದ ಶಾಲಾ ಬಾಲಕಿ, ಅವಳೂ ಬೆಂಗಳೂರಿನವಳೇ. ಶರತ್ ಗಾಯಕವಾಡ್ ಅವರ ಎಡಗೈ ಹುಟ್ಟಿನಿಂದಲೇ ಪೂರ್ಣವಾಗಿ ಬೆಳೆದಿರಲಿಲ್ಲ. ಅವರು 2014ರಲ್ಲಿ ಇಂಚಿಯಾನ್‌ನ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕಗಳನ್ನು ಗೆದ್ದರು. ನೀರು ಯಾರ ಕೊರತೆಯನ್ನೂ ಎತ್ತಿ ಆಡುವುದಿಲ್ಲ; ಶ್ರದ್ಧೆಯನ್ನು ಮಾತ್ರ ಕೇಳುತ್ತದೆ.

ಈ ಹೆಸರುಗಳೆಲ್ಲ ರಾಜಧಾನಿಯ ಸುತ್ತಲಿನವು ಎಂಬುದನ್ನು ಜಾಣ ಓದುಗರು ಗಮನಿಸಿರಬಹುದು. ಅಳತೆಯ ಕೊಳ, ಪಳಗಿದ ಗುರು, ವರ್ಷಪೂರ್ತಿ ಅಭ್ಯಾಸ ಇವು ಮೂರೂ ಕೂಡಿದ ಕಡೆ ಈಜುಗಾರರು ಹುಟ್ಟುತ್ತಾರೆ. ನಮ್ಮ ಹಳ್ಳಿಗಳಲ್ಲಿ ಧೈರ್ಯಕ್ಕೆ ಎಂದೂ ಬರವಿರಲಿಲ್ಲ. ಬರವಿದ್ದದ್ದು ಈ ಮೂರಕ್ಕೆ. ಈಗಂತೂ ಕೊಳವೆ ಬಾವಿಗಳು ಬಂದು ತೆರೆದ ಬಾವಿಗಳು ಹಲವೆಡೆ ಬತ್ತಿವೆ. ಬಾವಿಯೊಡನೆ ಹಗ್ಗ ಹಿಡಿದು ನಿಲ್ಲುವ ಸೋದರಮಾವನೂ ಮರೆಯಾಗುತ್ತಿದ್ದಾನೆ. ಆದರೆ ನೀರು ಮರಳಿ ಬರುವುದುಂಟು. 1933ರ ಬಳಿಕ ಒಮ್ಮೆಯೂ ಕೋಡಿ ಬೀಳದಿದ್ದ ವಾಣಿವಿಲಾಸ ಸಾಗರ 2022ರಲ್ಲಿ ತುಂಬಿ ಹರಿದಾಗ ಊರೂರುಗಳಿಂದ ಜನ ನೋಡಲು ಬಂದರು. ಅಂತಹ ವರ್ಷಗಳಲ್ಲಿ ಕೆರೆಕಟ್ಟೆಗಳೂ ಕೃಷಿಹೊಂಡಗಳೂ ತುಂಬುತ್ತವೆ. ಈಜು ಬಾರದ ಮಕ್ಕಳು ಅವುಗಳ ದಡದಲ್ಲಿ ಆಡುತ್ತಾರೆ.

ಎಲ್ಲರೂ ಒಲಿಂಪಿಕ್ ಕೊಳಕ್ಕೆ ಇಳಿಯಲಾರರು, ಇಳಿಯಬೇಕಾಗಿಯೂ ಇಲ್ಲ. ಆದರೆ ಬಲ್ಲವರ ಕಣ್ಣೆದುರಿಗೆ, ಆಳವನ್ನು ಅಳೆದು, ಒಬ್ಬಂಟಿಯಾಗಿ ಇಳಿಯದೆ, ತೇಲುವುದನ್ನಾದರೂ ಪ್ರತಿಯೊಬ್ಬ ಬಾಲಕನೂ ಬಾಲಕಿಯೂ ಕಲಿಯಬಹುದು. ಹಾಗೆ ಕಲಿತವರಲ್ಲಿ ಒಬ್ಬರು ಮುಂದೆ ದೇಶಕ್ಕೆ ಪದಕ ತಂದರೆ ಅದು ನಾಡಿನ ಭಾಗ್ಯ. ಕಲಿತವರೆಲ್ಲರೂ ಸಂಜೆ ಕ್ಷೇಮವಾಗಿ ಮನೆ ಸೇರಿದರೆ, ಅದು ಪದಕಕ್ಕಿಂತ ಕಡಿಮೆಯ ಗೆಲುವಲ್ಲ.